ಒಲ್ಲದ ಹಾಡು

ನಲವತ್ತು ದಾಟಿದ ಮೇಲೆ ಮನುಷ್ಯನ ರುಚಿ ಬದಲಾಗಬಾರದು ಎಂಬುದು ನನ್ನ ನಂಬಿಕೆ. ಚಹಕ್ಕೆ ಸಕ್ಕರೆ ಎಷ್ಟು, ಬದನೆಕಾಯಿ ಪಲ್ಯಕ್ಕೆ ಗುರೆಳ್ಳು ಎಷ್ಟು, ಕಿವಿಗೆ ಯಾವ ರಾಗ—ಇವೆಲ್ಲ ಆ ಹೊತ್ತಿಗೆ ತೀರ್ಮಾನವಾಗಿರಬೇಕು. ನನ್ನ ಕಿವಿಯ ತೀರ್ಮಾನವಂತೂ ಎಂದೋ ಆಗಿಹೋಗಿತ್ತು. ಗದಗಿನಲ್ಲಿದ್ದವನಿಗೆ ಅದೇನು ಕಷ್ಟದ ಕೆಲಸವಲ್ಲ. ಇದು ಭೀಮಸೇನ ಜೋಶಿಯವರ ಊರು. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಅಂಧ ಮಕ್ಕಳಿಗೆ ಸ್ವರವನ್ನೇ ಕಣ್ಣಾಗಿ ಕೊಟ್ಟ ವೀರೇಶ್ವರ ಪುಣ್ಯಾಶ್ರಮದ ಊರು. ಅಲ್ಲಿಯ ಜಮಖಾನದ ಮೇಲೆ ಕುಳಿತು ಎಷ್ಟೋ ರಾತ್ರಿ ನಿದ್ದೆ ಮರೆತವನು ನಾನು.

ಲಾವಣಿ, ಗೀಗೀ ಪದ ಎಂದರೆ ಮಾತ್ರ ನನಗೆ ಆಗದು. ಡಪ್ಪಿನ ಬಡಿತ, ತುಂತುಣಿಯ ಒಂದೇ ತಂತಿಯ ಗೋಳು, ಹಿಮ್ಮೇಳದವರ ‘ಗೀಯ ಗೀಯ’—ಕೇಳಿದರೆ ತಲೆ ಸಿಡಿಯುತ್ತಿತ್ತು. ಕನ್ನಡದ ಅಧ್ಯಾಪಕ ಹೀಗೆನ್ನಬಹುದೇ ಎಂದು ಓದುಗರು ಕೇಳಬಹುದು. ಪಾಠವನ್ನೇನೋ ನಾನು ಮಾಡುತ್ತಲೇ ಬಂದಿದ್ದೇನೆ. ಹಲಗಲಿ ಬೇಡರ ಲಾವಣಿಯನ್ನು ನಿಂತ ನಿಲುವಿನಲ್ಲಿ ವಿವರಿಸಬಲ್ಲೆ: 1857ರಲ್ಲಿ ಕಂಪನಿ ಸರಕಾರ ಹತಾರ ಒಪ್ಪಿಸಿರೆಂದು ಕಾಯಿದೆ ಮಾಡಿತು, ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಲ್ಲೆವೆಂದರು, ದಂಡು ಬಂದು ಊರು ಸುಟ್ಟಿತು, 19 ಜನ ಗಲ್ಲಿಗೇರಿದರು. ಫ್ಲೀಟ್ ಸಾಹೇಬರು ಆ ಹಾಡನ್ನು ಸಂಗ್ರಹಿಸಿ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಅಚ್ಚು ಹಾಕಿಸಿದರು. ಇಷ್ಟು ಹೇಳಿದರೆ ಪರೀಕ್ಷೆಗೆ ಸಾಕು. ಹಾಡು ಹೇಗಿತ್ತೆಂದು ಯಾವ ವಿದ್ಯಾರ್ಥಿಯೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಈ ವಿರಸಕ್ಕೆ ಬೇರೊಂದು ಕಾರಣವೂ ಇತ್ತು. ಅದನ್ನು ಆಮೇಲೆ ಹೇಳುತ್ತೇನೆ.

ಕಳೆದ ಬೇಸಗೆಯಲ್ಲಿ ಪರೀಕ್ಷೆಯ ಕೆಲಸದ ಮೇಲೆ ಲಕ್ಷ್ಮೇಶ್ವರ, ಶಿರಹಟ್ಟಿ ಮುಗಿಸಿಕೊಂಡು ಮುಂಡರಗಿಗೆ ಹೋಗಬೇಕಾಗಿತ್ತು. ಬಸ್ಸು ತಪ್ಪಿ ಬಾಡಿಗೆಯ ಗಾಡಿ ಹಿಡಿದೆ. ಚಾಲಕ ಇಪ್ಪತ್ತೈದರ ಹುಡುಗ. ಶಿರಹಟ್ಟಿ ದಾಟುತ್ತಲೇ ಗುಂಡಿ ಒತ್ತಿದ. ಡಪ್ಪು ಗುಡುಗಿತು.

“ಇದೇನಪಾ?” ಎಂದೆ.

“ಹಲಗಲಿ ಪದ ರೀ ಸರ. ನಮ್ಮಪ್ಪನ ಹಳೇ ಕ್ಯಾಸೆಟ್ಟಿನಾಗಿತ್ತು. ಪೆನ್‌ಡ್ರೈವಿಗೆ ಹಾಕಿಸೇನಿ. ಬ್ಯಾಡಂದ್ರ ಬಂದ್ ಮಾಡ್ತೇನ್ರಿ.”

ಬೇಡವೆನ್ನಲು ಬಾಯಿ ತೆರೆದವನು ಸುಮ್ಮನಾದೆ. ಅವನ ಗಾಡಿ, ಅವನ ಹಾಡು. ಅರ್ಧ ದಾರಿಯಲ್ಲಿ ಇಳಿಸಿದರೆ ಆ ಬಿಸಿಲಿನಲ್ಲಿ ನನಗೆ ಗತಿ ಯಾರು? ಕಪ್ಪತಗುಡ್ಡದ ಸಾಲನ್ನೂ ಅದರ ಮೇಲೆ ತಿರುಗುವ ಗಾಳಿಯಂತ್ರಗಳನ್ನೂ ನೋಡುತ್ತ, ಕಿವಿಯನ್ನು ಗಾಳಿಗೆ ಒಪ್ಪಿಸಿ ಕುಳಿತೆ.

ಕಿವಿ ಮಾತು ಕೇಳಲಿಲ್ಲ. ಮೊದಲು ಸೆಳೆದದ್ದು ಲಯ. ಡಪ್ಪು ಬಡಿಯುವವನು ಬರಿದೆ ಗದ್ದಲ ಮಾಡುತ್ತಿರಲಿಲ್ಲ. ದಂಡು ದೂರವಿದ್ದಾಗ ಮೆಲ್ಲಗೆ, ಊರ ಅಗಸಿಗೆ ಬಂದಾಗ ಬಿರುಸಾಗಿ, ಅವನ ಕೈಯೂ ಕಥೆ ಹೇಳುತ್ತಿತ್ತು. ಆಮೇಲೆ ಬಂತು ಲೂಟಿಯ ಭಾಗ. ದಂಡಿನವರು ಏನೇನು ಒಯ್ದರೆಂಬ ಯಾದಿ ಅಲ್ಲಿ ಬರುತ್ತದೆ: ಕೊಡಲಿ, ಹಾಲು, ಬೆಣ್ಣೆ, ಉಪ್ಪು, ಅರಿಶಿಣ, ಬೆಲ್ಲ, ಮಂಗಳಸೂತ್ರ, ಕಡೆಗೆ ಬೀಸುಕಲ್ಲು. ತರಗತಿಯಲ್ಲಿ ಇದನ್ನು ನಾನು ‘ವಸ್ತುಗಳ ಪಟ್ಟಿ, ಮುಂದೆ ಹೋಗೋಣ’ ಎಂದು ದಾಟಿಸುತ್ತಿದ್ದೆ. ಹಾಡುವವನು ಮುಂದೆ ಹೋಗಲಿಲ್ಲ. ಒಂದೊಂದು ಸಾಮಾನಿನ ಹೆಸರನ್ನೂ ಸತ್ತವರ ಹೆಸರು ಹೇಳುವಂತೆ ಹೇಳಿದ. ಬೀಸುಕಲ್ಲಿಗೆ ಬಂದಾಗ ಹಿಮ್ಮೇಳವೂ ಒಂದು ಕ್ಷಣ ತಡೆಯಿತು. ಕಳ್ಳನಾದವನು ಚಿನ್ನ ಒಯ್ದಾನು. ಬೀಸುಕಲ್ಲು ಒಯ್ದವನು ಆ ಮನೆಯಲ್ಲಿ ಇನ್ನು ಒಲೆ ಹೊತ್ತಬಾರದೆಂದು ಒಯ್ಯುತ್ತಾನೆ. ಇಪ್ಪತ್ತು ವರ್ಷ ಪಾಠ ಹೇಳಿದವನಿಗೆ ಇದು ತಿಳಿದದ್ದು ಬಾಡಿಗೆಯ ಗಾಡಿಯಲ್ಲಿ.

ಕೊನೆಗೆ ಕುರ್ತಕೋಟಿ ಕಲ್ಮೇಶನ ಅಂಕಿತ. ಕುರ್ತಕೋಟಿ ನಮ್ಮ ಗದಗ ತಾಲೂಕಿನದೇ ಊರು. ಮುಧೋಳದ ಸೀಮೆಯ ಬೆಂಕಿಯ ಬಿಸಿ ಈ ಮಣ್ಣಿನ ಕವಿಗೆ ತಾಗಿತ್ತು. ಮರುವರ್ಷವೇ, 1858ರಲ್ಲಿ, ಮುಂಡರಗಿಯ ಭೀಮರಾಯ ಕೊಪ್ಪಳದ ಕೋಟೆಯಲ್ಲಿ ಹೋರಾಡಿ ಮಡಿದ. ಸರಕಾರದ ಕಾಗದದಲ್ಲಿ ಇವರೆಲ್ಲ ಬಂಡುಕೋರರು. ಡಪ್ಪಿನವನ ಬಾಯಲ್ಲಿ ಮನೆಯ ಮಕ್ಕಳು.

ಹೀಗೆ ದಾರಿ ತಪ್ಪಿದ ಕಿವಿ ನನ್ನದೊಂದೇ ಅಲ್ಲವೆಂದು ಸಮಾಧಾನ. ಅಮೆರಿಕದಲ್ಲಿ 1976ರಲ್ಲಿ ವೇಲನ್ ಜೆನಿಂಗ್ಸ್, ವಿಲ್ಲಿ ನೆಲ್ಸನ್, ಜೆಸ್ಸಿ ಕೋಲ್ಟರ್, ಟಾಂಪಾಲ್ ಗ್ಲೇಸರ್ ಇವರ ಹಾಡುಗಳನ್ನು ಕೂಡಿಸಿ ‘ವಾಂಟೆಡ್! ದಿ ಔಟ್‌ಲಾಸ್’ ಎಂಬ ಧ್ವನಿಮುದ್ರಿಕೆ ತಂದರು. ಅಲ್ಲಿಯ ಹಳ್ಳಿಗಾಡಿನ ಧಾಟಿಯ ‘ಕಂಟ್ರಿ’ ಸಂಗೀತದಲ್ಲಿ ಹತ್ತು ಲಕ್ಷ ಪ್ರತಿಗಳ ಪ್ಲಾಟಿನಂ ಮನ್ನಣೆ ಪಡೆದ ಮೊದಲ ಮುದ್ರಿಕೆ ಅದು. ಆ ಧಾಟಿಗೆ ಮೂಗು ಮುರಿಯುತ್ತಿದ್ದವರೂ ಅಷ್ಟರಲ್ಲಿ ಕೆಲವರಿದ್ದಾರು. ಆದರೆ ಅವರ ಬಂಡಾಯ ನ್ಯಾಶ್‌ವಿಲ್‌ನ ಮುದ್ರಣ ಕಂಪನಿಗಳ ಕಟ್ಟುಪಾಡಿನ ಮೇಲೆ. ನಮ್ಮವರದು ಈಸ್ಟ್ ಇಂಡಿಯಾ ಕಂಪನಿಯ ಮೇಲೆ. ಕಂಪನಿ ಎರಡೂ ಕಡೆ ಉಂಟು, ಹಗ್ಗ ಮಾತ್ರ ನಮ್ಮ ಕಡೆ.

ಇನ್ನು ಆ ಕಾರಣ. ನನ್ನ ಸೋದರಮಾವ ಮುಂಡರಗಿ ಕಡೆಯ ಒಂದು ಹಳ್ಳಿಯಲ್ಲಿ ಗೀಗೀ ಮೇಳ ಕಟ್ಟಿದ್ದ. ಜಾತ್ರೆಗಳಲ್ಲಿ ಹರದೇಶಿ-ನಾಗೇಶಿ ಸವಾಲು-ಜವಾಬು ನಡೆದರೆ ಬೆಳಗಿನತನಕ ಸೋಲುತ್ತಿರಲಿಲ್ಲವಂತೆ. ನಾನು ಗದಗಿನಲ್ಲಿ ಕಾಲೇಜು ಓದುವಾಗ ಒಮ್ಮೆ, ಹಾಡಿಕೆ ಮುಗಿಸಿ, ಬಗಲಲ್ಲಿ ಡಪ್ಪು, ಕೈಯಲ್ಲಿ ರೊಟ್ಟಿಯ ಗಂಟು ಹಿಡಿದು ವಸತಿಗೃಹಕ್ಕೆ ಬಂದ. ಗೆಳೆಯರು ಯಾರಿವರೆಂದರು. “ನಮ್ಮ ಊರಾಗಿನವ್ರು” ಎಂದೆ. ಮಾಮಾ ಕೇಳಿಸಿಕೊಂಡ. ಏನೂ ಅನ್ನಲಿಲ್ಲ. ಗಂಟು ಕೊಟ್ಟು, “ಚಲೋ ಓದಪಾ ಅಳಿಯಾ” ಎನ್ನಬೇಕಾದವನು “ಚಲೋ ಓದ್ರಿ” ಎಂದು ಹೊರಟುಹೋದ. ಆ ‘ರಿ’ ನನಗೆ ಇಂದಿಗೂ ಕೇಳಿಸುತ್ತದೆ. ಅವನು ತೀರಿ ಹತ್ತು ವರ್ಷವಾಯಿತು. ಅವನ ಹಾಡನ್ನು ನಾನು ಒಮ್ಮೆಯೂ ಕುಳಿತು ಕೇಳಲಿಲ್ಲ.

ಮುಂಡರಗಿ ಬಂತು. ಹುಡುಗ ಹಾಡು ನಿಲ್ಲಿಸಹೋದ. “ಮುಗೀಲಿ ತಡಿ” ಎಂದೆ. ಗಾಡಿ ನಿಲ್ಲಿಸಿಕೊಂಡು ಇಬ್ಬರೂ ಕೇಳಿದೆವು.

ರಾತ್ರಿ ಅವ್ವನಿಗೆ ಫೋನು ಮಾಡಿದೆ. “ಅವ್ವಾ, ಮಾಮಾನ ಡಪ್ಪು ಎಲ್ಲೈತಿ?”

“ಅಟ್ಟದ ಮ್ಯಾಲ ಐತೆಪಾ. ಚರ್ಮ ಹರದೈತಿ, ಬರೇ ಬಳಿ ಉಳದೈತಿ. ಯಾಕ?”

“ಸುಮ್ನ ಕೇಳಿದೆ. ಒಗೀಬ್ಯಾಡ” ಎಂದೆ.

ಈ ವರ್ಷ ಲಾವಣಿಯ ಪಾಠ ಬಂದಾಗ ಬೀಸುಕಲ್ಲನ್ನು ದಾಟಿಸಲಿಲ್ಲ. ಹಿಂದಿನ ಬೆಂಚಿನ ಹುಡುಗನೊಬ್ಬ ತಲೆ ತಗ್ಗಿಸಿ, “ನಮ್ಮಪ್ಪ ಹಾಡ್ತಾನ್ರಿ” ಎಂದ. “ಕರ್ಕೊಂಡು ಬಾ” ಎಂದೆ.