ಎರಡು ಕಣ್ಣುಗಳ ನಡುವಣ ಅಂತರ



2023ನೆಯ ಇಸವಿ ಆಗಸ್ಟ್ 23ರ ಸಂಜೆ ನಮ್ಮ ದೇಶದ ವಿಕ್ರಮನೆಂಬ ನೌಕೆಯು ಚಂದ್ರನ ಮೇಲೆ ಇಳಿದ ಸಂಗತಿಯು ತಮಗೆಲ್ಲರಿಗೂ ತಿಳಿದದ್ದೇ. ಅದರ ಒಡಲಿನಿಂದ ಹೊರಬಂದ ಪ್ರಜ್ಞಾನವೆಂಬ ಆರು ಚಕ್ರಗಳ ಪುಟ್ಟ ಬಂಡಿಯ ತೂಕವು ಕೇವಲ 26 ಕಿಲೋಗ್ರಾಂ. ಆಗಸ್ಟ್ 27ರಂದು ಅದರ ದಾರಿಯಲ್ಲಿ 3 ಮೀಟರು ಮುಂದೆ, 4 ಮೀಟರು ಅಗಲದ ಒಂದು ಗುಂಡಿಯು ಕಾಣಿಸಿತು. ಬಂಡಿಯನ್ನು ಬಂದ ದಾರಿಯಲ್ಲೇ ಹಿಂದಿರುಗಿಸಿ, ಬೇರೆ ದಾರಿಯನ್ನು ಹಿಡಿಸಲಾಯಿತು. ಎದುರಿಗಿರುವುದು ಕೇವಲ ನೆರಳಲ್ಲ, ಗುಂಡಿಯೇ ಎಂದು ತಿಳಿಯುವ ಬಗೆ ಹೇಗೆ? ಈ ಪ್ರಶ್ನೆಯು ನಮ್ಮ ಶಾಲೆಯ ವಿಜ್ಞಾನದ ತರಗತಿಯಲ್ಲಿ ಎದ್ದಿತು. ಅದರಿಂದ ನಮಗೆ ದೊರೆತ ಪಾಠವನ್ನು ತಮ್ಮ ಮುಂದಿಡಲು ಇಚ್ಛಿಸುತ್ತೇವೆ.

ಪ್ರಜ್ಞಾನಕ್ಕೆ ಮುಂಭಾಗದಲ್ಲಿ ಎರಡು ಕ್ಯಾಮರಾಗಳಿದ್ದವು. ಅವುಗಳನ್ನು ಸಿದ್ಧಪಡಿಸಿದ್ದು ಇಸ್ರೋ ಸಂಸ್ಥೆಗೆ ಸೇರಿದ, ಬೆಂಗಳೂರಿನ ಲಿಯೋಸ್ ಎಂಬ ಪ್ರಯೋಗಾಲಯವು. ಒಂದೇ ನೋಟವನ್ನು ಎರಡು ಕಡೆಯಿಂದ ನೋಡಿದರೆ ಎರಡು ಚಿತ್ರಗಳೂ ಪೂರ್ಣವಾಗಿ ಒಂದೇ ಆಗಿರುವುದಿಲ್ಲ. ಹೆಬ್ಬೆರಳನ್ನು ಮುಖದ ಮುಂದೆ ಹಿಡಿದು, ಕಣ್ಣುಗಳನ್ನು ಒಂದಾದ ಮೇಲೊಂದು ಮುಚ್ಚಿ ನೋಡಿರಿ. ಬೆರಳು ಎಡಕ್ಕೂ ಬಲಕ್ಕೂ ಜಿಗಿಯುತ್ತದೆ. ಅಂಗಳದಾಚೆಯ ತೆಂಗಿನಮರವು ಅಲುಗಿದಂತೆ ಕಾಣುವುದಿಲ್ಲ. ಸಮೀಪದ ವಸ್ತುವು ಹೆಚ್ಚು ಸರಿಯುತ್ತದೆ, ದೂರದ್ದು ಕಡಿಮೆ. ಈ ಸರಿತದಿಂದಲೇ ಆಳವು ತೋರುವುದೆಂದು ಇಂಗ್ಲೆಂಡಿನ ವೀಟ್‌ಸ್ಟನ್ ಎಂಬುವರು 1838ರಲ್ಲಿ ವಿವರಿಸಿದರು. ಯಂತ್ರವೂ ಹೀಗೆಯೇ ಒಂದು ಕಲ್ಲನ್ನು ಎರಡು ಚಿತ್ರಗಳಲ್ಲಿಯೂ ಗುರುತಿಸಿ, ಅದು ಎಷ್ಟು ಸರಿದಿದೆಯೆಂದು ಅಳೆದು, ದೂರವನ್ನು ಲೆಕ್ಕಹಾಕುತ್ತದೆ.

ಆದರೆ ಇದಕ್ಕೊಂದು ಮಿತಿಯುಂಟು. ದೂರವು ಇಮ್ಮಡಿಯಾದರೆ ಸರಿತವು ಅರ್ಧಕ್ಕಿಳಿಯುತ್ತದೆ. ಲೆಕ್ಕದಲ್ಲಿ ಬರತಕ್ಕ ತಪ್ಪಾದರೋ ನಾಲ್ಮಡಿಯಾಗುತ್ತದೆ. ನಮ್ಮ ಎರಡು ಕಣ್ಣುಗಳ ನಡುವೆ ಸುಮಾರು 6 ಸೆಂಟಿಮೀಟರು ಅಂತರವಿದೆ. ಸಣ್ಣ ಬಂಡಿಯ ಒಡಲೇ ಸಣ್ಣದಾದುದರಿಂದ ಅದರ ಕಣ್ಣುಗಳನ್ನೂ ಬಹು ದೂರ ದೂರ ಇಡಲಾಗದು. ಪ್ರಜ್ಞಾನದ ಚಿತ್ರಗಳಿಂದ ಒಂದು ಸಲಕ್ಕೆ ಸುಮಾರು 5 ಮೀಟರಿನಷ್ಟು ನೆಲದ ಏರುತಗ್ಗುಗಳ ನಕ್ಷೆ ಮಾತ್ರ ಸಿದ್ಧವಾಗುತ್ತಿತ್ತು. ಚಿತ್ರಗಳು ಭೂಮಿಗೆ ಬಂದು, ನಕ್ಷೆಯಾಗಿ, ಮುಂದಿನ ದಾರಿಯು ನಿಶ್ಚಯವಾದ ಮೇಲೆಯೇ ಬಂಡಿಯು ಮುಂದುವರಿಯಬೇಕಾಗಿತ್ತು.

ಹಾಗಾದರೆ ಸಣ್ಣ ಒಡಲಿಗೆ ದೂರದೃಷ್ಟಿಯು ಸಾಧ್ಯವೇ ಇಲ್ಲವೇ? ಉಂಟು. 2004ರಲ್ಲಿ ಮಂಗಳಗ್ರಹದ ಮೇಲಿಳಿದ ಸ್ಪಿರಿಟ್, ಆಪರ್ಚುನಿಟಿ ಎಂಬ ಬಂಡಿಗಳು ಒಂದು ಸ್ಥಳದಿಂದ ಚಿತ್ರ ತೆಗೆದು, ಕೆಲವು ಮೀಟರು ಪಕ್ಕಕ್ಕೆ ಸಾಗಿ, ಅದೇ ನೋಟವನ್ನು ಮತ್ತೆ ತೆಗೆದವು. ನಡೆದ ದೂರವೇ ಎರಡು ಕಣ್ಣುಗಳ ನಡುವಣ ಅಂತರವಾಯಿತು! ನಿಬಂಧನೆಗಳು ಎರಡೇ: ನೋಡುವ ವಸ್ತುವು ಅಷ್ಟರಲ್ಲಿ ಕದಲಿರಬಾರದು, ನಡೆದ ದೂರವು ಸರಿಯಾಗಿ ತಿಳಿದಿರಬೇಕು.

ಇದನ್ನು ಪರೀಕ್ಷಿಸಲು ನಮ್ಮ ಒಂಬತ್ತನೆಯ ತರಗತಿಯವರನ್ನು ಕಿಬ್ಬನಹಳ್ಳಿಯ ಒಂದು ತೋಟಕ್ಕೆ ಕರೆದೊಯ್ದೆವು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ದಾರಿಗಳು ಸೇರುವ ಈ ಸೀಮೆಯಲ್ಲಿ ತೆಂಗಿನಮರಕ್ಕೇನು ಕೊರತೆ? ಗರಿಗಳು ಗಾಳಿಗೆ ತೂಗುತ್ತವೆಯಾದ್ದರಿಂದ ಬುಡವನ್ನೇ ಗುರಿಯಾಗಿ ಹಿಡಿಯಲು ಹೇಳಿದೆವು. 1 ಮೀಟರು ಹಗ್ಗದ ಎರಡು ತುದಿಗಳಿಂದ ಕೋನಮಾಪಕದಲ್ಲಿ ನೋಡಿ ಲೆಕ್ಕ ಮಾಡಿದಾಗ, ಆ ಮರವು ಒಬ್ಬಳಿಗೆ 40 ಮೀಟರು ದೂರ, ಇನ್ನೊಬ್ಬಳಿಗೆ 70. ಹಗ್ಗವನ್ನು 10 ಮೀಟರಿಗೆ ಹೆಚ್ಚಿಸಿದೊಡನೆ ಎಲ್ಲರ ಉತ್ತರವೂ 50ರ ಆಸುಪಾಸಿಗೆ ಬಂದಿತು. ಟೇಪು ಹಿಡಿದು ಅಳೆದಾಗ ಅದೇ ದಿಟವಾಯಿತು.

ಶಾಲೆಗೆ ಹಿಂದಿರುಗಿದ ಮೇಲೆ, ಪ್ರಜ್ಞಾನವು ತೆಗೆದ ವಿಕ್ರಮನ ಜೋಡಿ ಚಿತ್ರಗಳಿಂದ ಇಸ್ರೋದವರು ಮಾಡಿದ ಕೆಂಪು–ಹಸಿರುನೀಲಿ ಚಿತ್ರವನ್ನು ಬಣ್ಣದ ಕಾಗದದ ಕನ್ನಡಕದಿಂದ ತೋರಿಸಿದೆವು. ಹುಡುಗಿಯರು ಬೆರಗಾಗಿ ಕೈಚಾಚಿದರು. ಒಬ್ಬಳು ಮಾತ್ರ ಕನ್ನಡಕವನ್ನು ಹಾಕಿಕೊಳ್ಳದೆ ಪಕ್ಕದವಳಿಗೆ ದಾಟಿಸಿದಳು. ಶೈಶವದಲ್ಲಿಯೇ ಆಕೆಯ ಒಂದು ಕಣ್ಣು ಹೋಗಿತ್ತು. ತರಗತಿಯು ಬಿಟ್ಟ ಮೇಲೆ ಬಂದು, “ಅಮ್ಮಾ, ಹಾಗಾದರೆ ನನಗೆ ಗುಂಡಿಯೂ ಮಟ್ಟವೂ ಒಂದೇ ಏನು?” ಎಂದು ಕೇಳಿದಳು.

ನಾವು ಆಕೆಯ ತೋಟದ ಲೆಕ್ಕದ ಹಾಳೆಯನ್ನು ತೆಗೆದು ಮುಂದಿಟ್ಟೆವು: 51 ಮೀಟರು. “ಇದನ್ನು ಯಾವ ಕಣ್ಣಿನಿಂದ ಅಳೆದೆ, ಮಗು?” ಎಂದೆವು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಒಂದರಿಂದಲೇ. ನಡೆದು ಹೋಗಿ ಇನ್ನೊಂದು ಸಲ ನೋಡಿದೆ” ಎಂದಳು. ಲೋಟಕ್ಕೆ ನೀರು ಬಗ್ಗಿಸುವಾಗ ಆಕೆ ತಲೆಯನ್ನು ಅತ್ತಿತ್ತ ಆಡಿಸುವುದನ್ನು ನಾವು ಬಹು ದಿವಸಗಳಿಂದ ಕಂಡಿದ್ದೆವು. ಅದೂ ಇದೇ ಉಪಾಯವೆಂದು ತಿಳಿಸಿದೆವು. 2021ರ ಏಪ್ರಿಲ್ 19ರಂದು ಮಂಗಳನ ಮೇಲೆ ಮೊದಲು ಹಾರಿದ ಇಂಜೆನ್ಯುಯಿಟಿ ಎಂಬ 1.8 ಕಿಲೋಗ್ರಾಂ ತೂಕದ ಹೆಲಿಕಾಪ್ಟರು, ತಾನು ಸಾಗುವ ಬಗೆಯನ್ನು ಕಾಣಲು ನೆಲದ ಕಡೆಗೆ ಮುಖಮಾಡಿದ ಒಂದೇ ಕ್ಯಾಮರಾವನ್ನು ನೆಚ್ಚಿ, ಎತ್ತರವನ್ನು ಲೇಸರಿನಿಂದ ಅಳೆದುಕೊಂಡು, 72 ಸಲ ಹಾರಿತೆಂಬುದನ್ನೂ ಹೇಳಿದೆವು.

ಆಕೆಯನ್ನು ಮುಂದೆ ಓದಿಸುವುದು ಬೇಡವೆಂದು ಮನೆಯಲ್ಲಿ ನಿಶ್ಚಯವಾಗಿತ್ತು. ಕೊಬ್ಬರಿ ಸುಲಿಸುವ ಕೆಲಸದ ನಡುವೆ ಬಿಡುವು ಮಾಡಿಕೊಂಡು ಬಂದ ತಂದೆಯವರು ಆ ಹಾಳೆಯನ್ನು ಬಹಳ ಹೊತ್ತು ನೋಡಿದರು. “ಈ ಮರ ನಮಗೂ ಗೊತ್ತು ತಾಯಿ, ಸರಿಯಾಗಿಯೇ ಅಳೆದಿದ್ದಾಳೆ” ಎಂದರು. ಹತ್ತನೆಯ ತರಗತಿಯ ಪರೀಕ್ಷೆಯವರೆಗೆ ಕಳುಹಿಸಲು ಒಪ್ಪಿರುತ್ತಾರೆ. ಅದರಾಚೆಯ ಮಾತನ್ನು ಇನ್ನೂ ಆಡಿಲ್ಲ; ನಾವು ಆಡದೆ ಬಿಡುವವರಲ್ಲ.

ಪೋಷಕರಲ್ಲಿ ನಮ್ಮ ಬಿನ್ನಹವಿಷ್ಟೇ: ನಿಂತಲ್ಲಿಂದ ಒಂದು ಸಲ ನೋಡಿ ಮಗಳ ಯೋಗ್ಯತೆಯನ್ನು ಅಳೆಯಬೇಡಿರಿ, ನಾಲ್ಕು ಹೆಜ್ಜೆ ನಡೆದು ಮತ್ತೊಮ್ಮೆ ನೋಡಿರಿ. ಹಳೆಯ ವಿದ್ಯಾರ್ಥಿನಿಯರಲ್ಲಿ ಇನ್ನೊಂದು ಕೋರಿಕೆ. ಈ ವರ್ಷ ನಮ್ಮ ಹುಡುಗಿಯರು ಎರಡು ಕ್ಯಾಮರಾಗಳ ಚಿಕ್ಕ ಬಂಡಿಯೊಂದನ್ನು ಕಟ್ಟಬೇಕೆಂದಿದ್ದಾರೆ. ತಮ್ಮ ಮನೆಯಲ್ಲಿ ಉಪಯೋಗಿಸದೆ ಇಟ್ಟಿರುವ ಹಳೆಯ ಮೊಬೈಲುಗಳಿದ್ದರೆ ಶಾಲೆಗೆ ಕಳುಹಿಸಿಕೊಡಿರಿ. ಒಂದೇ ಬಗೆಯ ಎರಡಿದ್ದರೆ ಉತ್ತಮ; ಒಂದೇ ಇದ್ದರೂ ಸಂತೋಷದಿಂದ ಸ್ವೀಕರಿಸುತ್ತೇವೆ.