ಎಮರಿ ಪೇಪರ್ ಮತ್ತು ಮುತ್ಯಾನ ಪಿಸ್ತೂಲು

ಹೋದ ದಸರಾ ರಜೆಯಲ್ಲಿ ನಾವು ಮೂವರು ಗೆಳೆಯರು ಒಂದು ದೊಡ್ಡ ತಪ್ಪು ಮಾಡಿದ್ವಿ. ಒಬ್ಬ ಬೀದರ್‌ನವ, ಒಬ್ಬ ಭಾಲ್ಕಿಯವ, ಒಬ್ಬ ಔರಾದ್‌ನವ. ಮೂವರೂ ಮೆಕ್ಯಾನಿಕಲ್. ತಪ್ಪು ಆಗಿದ್ದೂ ಆ ಹಮ್ಮಿನಿಂದಲೇ.

ಔರಾದ್ ಗೆಳೆಯನ ಮನೆಯ ಟ್ರಂಕಿನಲ್ಲಿ, ಮುತ್ಯಾನ ಹಳೇ ಕೋಟಿನ ಕೆಳಗೆ, ಒಂದು ಪಿಸ್ತೂಲು ಸಿಕ್ತು. ನಮ್ಮ ಕೈ ನಡುಗಿತು. ಲೈಸೆನ್ಸ್ ಇಲ್ಲದೆ ಗುಂಡಿನ ಪಿಸ್ತೂಲು ಇಟ್ಕೊಳ್ಳೋದು 1959ರ ಆಯುಧ ಕಾಯ್ದೆಯಡಿ ಅಪರಾಧ. ಸಿಕ್ಕರೆ ಠಾಣೆಗೆ ತಿಳಿಸಬೇಕು. ಬೆಳಕಿಗೆ ಹಿಡಿದು ನೋಡಿದ್ರೆ ಅದು ಗುರಿ ಅಭ್ಯಾಸದ ಏರ್ ಪಿಸ್ತೂಲು. ನಳಿಗೆ ಮೇಲೆತ್ತಿದರೆ ಒಳಗಿನ ಸ್ಪ್ರಿಂಗ್ ಅದುಮಿಕೊಳ್ಳುತ್ತೆ, ಕುದುರೆ ಎಳೆದಾಗ ಗಾಳಿ ಛರ್ರಾವನ್ನು ತಳ್ಳುತ್ತೆ, ಅಷ್ಟೇ. ಮೈಮೇಲೆ ‘ವೆಬ್ಲಿ ಅಂಡ್ ಸ್ಕಾಟ್, ಬರ್ಮಿಂಗ್‌ಹ್ಯಾಮ್’, ‘ಸೀನಿಯರ್’, ‘.177’ ಅಂತ ಅಚ್ಚು. .177 ಇಂಚು ಅಂದ್ರೆ 4.5 ಮಿ.ಮೀ. 2024ರಲ್ಲಿ ಪ್ಯಾರಿಸ್‌ನಲ್ಲಿ ಮನು ಭಾಕರ್ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಕಂಚು ಗೆದ್ದಳಲ್ಲ, ಅದೇ ಅಳತೆ. ಈ ಅಳತೆ ಮೀರದ, 20 ಜೌಲ್ ದಾಟದ ಏರ್ ಪಿಸ್ತೂಲಿಗೆ ನಮ್ಮಲ್ಲಿ ಲೈಸೆನ್ಸ್ ಬೇಡ. ಉಸಿರು ಬಂತು.

ವೆಬ್ಲಿಯವರು ಏರ್ ಪಿಸ್ತೂಲು ಶುರು ಮಾಡಿದ್ದು 1924ರಲ್ಲಿ, ಸೀನಿಯರ್ ಬಂದದ್ದು 1930ರಲ್ಲಿ. ಇಂಥದ್ದಕ್ಕೆ ಸಂಗ್ರಾಹಕರು ಒಳ್ಳೇ ಬೆಲೆ ಕೊಡ್ತಾರಂತೆ ಅಂತ ಕೇಳಿದ್ದೇ ತಡ, ನಾವು ಎಮರಿ ಪೇಪರ್ ತಂದ್ವಿ. ಎರಡು ತಾಸು ತಿಕ್ಕಿ, ಕನ್ನಡಿ ಹಾಂಗ ಹೊಳೆಸಿದ್ವಿ. ಆಯಿಗೆ ಒಯ್ದು ತೋರಿಸಿದ್ವಿ.

ಆಯಿ ತಿರುಗಿಸಿ ಮುರುಗಿಸಿ ನೋಡಿ ಕೇಳಿದಳು: “ಯಾನ್ ಮಾಡೀರಿ ಇದಕ? ಅಂವ ಹೆಬ್ಬಟ್ಟು ಇಡ್ತಿದ್ದ ಜಾಗಾ ಎಲ್ಲಿ?”

ಕರಿ ಬಣ್ಣದ ಮೇಲೆ ಒಂದೇ ಕಡೆ ಬಿಳಿಚಿಕೊಂಡ ಕಲೆ ಇತ್ತು. ನಾವು ಅದನ್ನ ತುಕ್ಕಿನ ಜೊತೆ ಕೊಳೆ ಅಂದ್ಕೊಂಡಿದ್ವಿ.

ಮರುದಿನ ಬೀದರ್‌ಗೆ ಬಂದು, ಪರಿಚಯದ ಒಬ್ಬ ಬಿದ್ರಿ ಕುಶಲಕರ್ಮಿ ಚಾಚಾಗೆ ಮೊಬೈಲಿನಲ್ಲಿ ಫೋಟೋ ತೋರಿಸಿದ್ವಿ. ಅವರು ನಕ್ಕು, ಕೈಲಿದ್ದ ಸುರಾಹಿ ನಮ್ಮ ಮುಂದೆ ಇಟ್ಟರು. “ಇದನ್ನ ಎಮರಿ ಹಚ್ಚಿ ತಿಕ್ತೀರೇನು?” ಅಂದರು. ತಿಕ್ಕಲ್ಲ. ಇಷ್ಟು ನಮಗೂ ಗೊತ್ತು. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿ ಕೂರಿಸಿ, ಕೊನೆಗೆ ಕೋಟೆಯ ಮಣ್ಣು, ನವಸಾಗರದ ಬಿಸಿನೀರಿನಲ್ಲಿ ಬರಿಸಿದ ಕಪ್ಪು ಅದು. ಬೆಳ್ಳಿ ಹಾಗೇ ಉಳಿಯುತ್ತೆ, ಲೋಹ ಮಾತ್ರ ಕಪ್ಪಾಗುತ್ತೆ. ಆ ಕಪ್ಪು ಹೋದ್ರೆ ಬಿದ್ರಿ ಅಲ್ಲ. ಪಿಸ್ತೂಲಿನ ಉಕ್ಕಿನ ಮೇಲಿನ ಕಪ್ಪೂ ಬೇಕಂತಲೇ ಬರಿಸಿದ ತೆಳು ಆಕ್ಸೈಡ್ ಪದರ, ಅದಕ್ಕೆ ಬ್ಲೂಯಿಂಗ್ ಅಂತಾರೆ. ನಮ್ಮ ಸಿಲಬಸ್ಸಿನಲ್ಲೇ ಇದೆ, ಮಾರ್ಕ್ಸೂ ಬಂದಿದ್ವು.

ಹಳೇ ಪಿಸ್ತೂಲು ನೋಡೋ ಕ್ರಮ ಆಮೇಲೆ ಕಲಿತ್ವಿ: ಮೊದಲು ಅಚ್ಚು ಮತ್ತು ನಂಬರ್, ಆಮೇಲೆ ಹಿಡಿಕೆ, ಸ್ಕ್ರೂ ಮೂಲದ್ದೇ ಹೌದಾ ಅಂತ, ಆಮೇಲೆ ಮೂಲ ಬಣ್ಣ ಎಷ್ಟು ಉಳಿದಿದೆ ಅಂತ. ಡಬ್ಬಿ, ರಸೀದಿ ಇದ್ರೆ ಇನ್ನೂ ಚೆನ್ನ. ಕೈ ತಾಕಿ ಸವೆದದ್ದನ್ನ ಸಂಗ್ರಾಹಕರು ಕ್ಷಮಿಸ್ತಾರೆ. ಎಮರಿಯ ಗೀರನ್ನ ಕ್ಷಮಿಸಲ್ಲ. ಮತ್ತೆ ಕಪ್ಪು ಮಾಡಿಸಬಹುದು, ಆದ್ರೆ ಅದು ಹೊಸ ಕಪ್ಪು.

ಈಗ ಅದು ಮತ್ತೆ ಟ್ರಂಕಿನಲ್ಲಿದೆ, ತೆಳ್ಳಗೆ ಎಣ್ಣೆ ಸವರಿ ಇಟ್ಟೀವಿ. ಮಾರೋ ಮಾತು ಯಾರೂ ಎತ್ತಿಲ್ಲ. ಬೆಲೆ ಕಳೆದದ್ದಕ್ಕೆ ಆಯಿ ಬೈಲಿಲ್ಲ. ಹೆಬ್ಬಟ್ಟಿನ ಜಾಗ ಕೇಳಿದ್ದಕ್ಕೆ ನಮ್ಮ ಹತ್ರ ಇನ್ನೂ ಉತ್ತರ ಇಲ್ಲ. ನಿಮ್ಮ ಮನೆಯಲ್ಲೂ ಏನಾದ್ರೂ ಹಳೇದು ಸಿಕ್ರೆ, ತಿಕ್ಕೋ ಮೊದಲು ಮನೆಯ ಹಿರಿಯರನ್ನ ಒಂದು ಮಾತು ಕೇಳ್ರಿ.