ಬಿಸ್ಕೆಟ್ ಗೂಡಿಗೆ ಬರದ ಸಂಜೆ

ನನ್ನ ಮಗಳ ಮನೆ ಇರುವುದು ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್‌ನಲ್ಲಿ. ಮರುಭೂಮಿಯ ಊರಲ್ಲವೇ, ಅಲ್ಲೇನು ಚಳಿ ಎಂದುಕೊಂಡು ಡಿಸೆಂಬರಿನಲ್ಲಿ ಹೊರಟಾಗ ಸ್ವೆಟರನ್ನು ಮೈಸೂರಿನಲ್ಲೇ ಬಿಟ್ಟು ಹೋದೆ. ಹಗಲು 20 ಡಿಗ್ರಿಯ ಹಿತವಾದ ಬಿಸಿಲು. ಹೊತ್ತು ಮುಳುಗಿದ್ದೇ ತಡ, ಒಲೆ ಆರಿಸಿದ ಹಾಗೆ ತಣ್ಣಗಾಗಿಬಿಡುತ್ತಿತ್ತು. ಬೆಳಗಿನ ಜಾವ 6-7 ಡಿಗ್ರಿ. ಅಳಿಯನ ಜಾಕೆಟ್ಟಿನಲ್ಲೇ ದಿನ ಕಳೆದೆ.

ಪಕ್ಕದ ಮನೆಯಲ್ಲಿ ನನಗಿಂತ ನಾಲ್ಕೈದು ವರ್ಷ ಹಿರಿಯರಾದ ಒಬ್ಬ ಅಮೆರಿಕನ್ ಮಹಿಳೆ ಇದ್ದರು. ನನ್ನ ಮೊಮ್ಮಗನಿಗೆ ಅವರು ಪಕ್ಕದ ಮನೆ ಅಜ್ಜಿ. ಆ ಅಜ್ಜಿ ಹಿತ್ತಲಲ್ಲಿ ಸಾಕಿರುವ ಆಮೆಯ ಹೆಸರು ಬಿಸ್ಕೆಟ್. 22 ವರ್ಷದ ಹಿಂದೆ ತಂದಾಗ ಅಂಗೈಯಲ್ಲಿ ಬಿಸ್ಕತ್ತಿನಷ್ಟೇ ಇತ್ತಂತೆ. ಈಗ 45 ಕೆ.ಜಿ. ಸಿಮೆಂಟ್ ಮೂಟೆಗೆ ಸ್ವಲ್ಪ ಕಡಿಮೆ, ಅಷ್ಟೆ.

ಇದು ಸುಲ್ಕಾಟ ಎಂಬ ಜಾತಿ. ಮೂಲ ಊರು ಆಫ್ರಿಕದಲ್ಲಿ, ಸಹಾರಾ ಮರುಭೂಮಿಯ ದಕ್ಷಿಣದ ಅಂಚಿನ ಒಣನೆಲ. ಸೆನೆಗಲ್, ಮಾಲಿ, ನೈಜರ್, ಚಾಡ್ ಎಂದು ಭೂಪಟದಲ್ಲಿ ಸಾಲಾಗಿ ಕಾಣುತ್ತವಲ್ಲ, ಆ ಕಡೆ. ನೆಲದ ಆಮೆಗಳಲ್ಲಿ ಗಲಾಪಗೋಸ್ ಮತ್ತು ಅಲ್ಡಾಬ್ರಾ ದ್ವೀಪಗಳ ದೈತ್ಯ ಆಮೆಗಳನ್ನು ಬಿಟ್ಟರೆ ಇದೇ ದೊಡ್ಡದು.

ಆಮೆಯ ಮೈ ನಮ್ಮ ಮೈಯ ಹಾಗೆ ತಾನೇ ಶಾಖ ಹುಟ್ಟಿಸಿಕೊಂಡು ಬೆಚ್ಚಗಿರುವುದಿಲ್ಲ. ಬಿಸಿಲಿಗೆ ಮೈಯೊಡ್ಡಿ ಸಂಪಾದಿಸಬೇಕು. ಬ್ಯಾಂಕಿನಲ್ಲಿದ್ದವನಿಗೆ ಇದು ಬೇಗ ಅರ್ಥವಾಯಿತು: ಹಗಲು ಜಮೆ, ರಾತ್ರಿ ಖರ್ಚು. ಲೋಟದ ಕಾಫಿ ಬೇಗ ಆರುತ್ತದೆ, ಹಂಡೆಯ ನೀರು ಬಹಳ ಹೊತ್ತು ಬೆಚ್ಚಗಿರುತ್ತದೆ. ಅದೇ ರೀತಿ ದೊಡ್ಡ ಆಮೆ ಮರಿಗಿಂತ ಹೆಚ್ಚು ಹೊತ್ತು ಶಾಖ ಹಿಡಿದಿಟ್ಟುಕೊಳ್ಳುತ್ತದೆ. ಆದರೆ ಎರಡು ದಿನ ಮೋಡ ಕವಿದರೆ ಜಮೆ ನಿಂತು ಖರ್ಚು ಮಾತ್ರ ನಡೆಯುತ್ತದೆ. ಆಗ ಹೊಟ್ಟೆಯಲ್ಲಿರುವ ಹುಲ್ಲೂ ಜೀರ್ಣವಾಗುವುದಿಲ್ಲ. ತಂಪಿನ ಜೊತೆ ತೇವವೂ ಸೇರಿದರೆ ಶ್ವಾಸಕೋಶಕ್ಕೆ ಕಾಯಿಲೆ ಹತ್ತುತ್ತದೆ, ಮೂಗಿನಲ್ಲಿ ಗುಳ್ಳೆ ಬರುತ್ತದೆ.

ಆಫ್ರಿಕದಲ್ಲಿ ಇವು ಉದ್ದನೆಯ ಬಿಲ ತೋಡಿಕೊಳ್ಳುತ್ತವೆ. ನೆಲದಾಳದಲ್ಲಿ ಹಗಲಿನ ಉರಿಯೂ ಇಲ್ಲ, ರಾತ್ರಿಯ ತಂಪೂ ಇಲ್ಲ. ಬಿಸ್ಕೆಟ್ ಕೂಡ ಹಿತ್ತಲನ್ನು ತೋಡಿ ಕಾಂಪೌಂಡಿನ ಒಂದು ಮೂಲೆಯನ್ನು ಕುಸಿಯುವ ಹಾಗೆ ಮಾಡಿತ್ತು! ಅದಕ್ಕೇ ಅಜ್ಜಿ ಒಂದು ಗೂಡು ಮಾಡಿಸಿದ್ದರು. ಪ್ಲೈವುಡ್ ಗೋಡೆ, ನಡುವೆ ಥರ್ಮಕೋಲ್, ಬಾಗಿಲಿಗೆ ಎ.ಸಿ. ಅಂಗಡಿಯಲ್ಲಿ ತೂಗುಹಾಕುವಂಥ ದಪ್ಪ ಪ್ಲಾಸ್ಟಿಕ್ ಪಟ್ಟಿಗಳು, ಒಳಗೆ ಎಣ್ಣೆ ತುಂಬಿದ ಹೀಟರ್. ರಾತ್ರಿಯಿಡೀ ಸುಮಾರು 27 ಡಿಗ್ರಿ. ನನ್ನ ಕೋಣೆಗಿಂತ ಬೆಚ್ಚಗೆ! ಬೆಳಿಗ್ಗೆ ಬಿಸಿಲು ಬಂದ ಮೇಲೆ ಬಿಸ್ಕೆಟ್ ತಾನೇ ಪಟ್ಟಿ ತಳ್ಳಿಕೊಂಡು ಹೊರಬರುತ್ತಿತ್ತು, ಸಂಜೆ ತಾನೇ ಒಳಗೆ ಹೋಗುತ್ತಿತ್ತು. ಸಾಮಾನ್ಯವಾಗಿ.

ಅಜ್ಜಿ ಎರಡು ದಿನ ತಂಗಿಯ ಊರಿಗೆ ಹೋಗಬೇಕಾಯಿತು. ನನ್ನ ಕೈಗೆ ಗೇಟಿನ ಕೀಲಿ ಕೊಟ್ಟು, ‘ಸಂಜೆ ನಾಲ್ಕೂವರೆಗೆ ಗೂಡಿನೊಳಗೆ ಇದೆಯೇ ಎಂದು ನೋಡಿ’ ಎಂದರು. 36 ವರ್ಷ ಬ್ಯಾಂಕಿನ ಕೀಲಿ ಕಾದವನಿಗೆ ಇದೇನು ಮಹಾ?

ಎರಡನೆಯ ದಿನ ಬೆಳಗಿನಿಂದಲೇ ಮೋಡ, ಮಧ್ಯಾಹ್ನ ತುಂತುರು. ನಾನು ಊಟ ಮಾಡಿ, ಕಂಬಳಿ ಹೊದ್ದು ಮಲಗಿದವನು ಎದ್ದಾಗ ಐದೂಕಾಲು. ಹೊರಗೆ ಕತ್ತಲಾಗುತ್ತಿತ್ತು. ಓಡಿದೆ. ಗೂಡು ಖಾಲಿ.

ಮೊಮ್ಮಗ ಟಾರ್ಚ್ ಹಿಡಿದು ಹುಡುಕಿದ. ಬೇಲಿಗಿಡಕ್ಕೂ ಗೋಡೆಗೂ ನಡುವೆ ಬಿಸ್ಕೆಟ್ ತಲೆ ಒಳಗೆಳೆದುಕೊಂಡು ಕೂತಿತ್ತು. ಮುಟ್ಟಿದರೆ ಚಿಪ್ಪು ಒದ್ದೆ ಕಲ್ಲಿನಂತೆ ತಣ್ಣಗೆ. ಅದಕ್ಕೆ ಪ್ರಾಣವಾದ ದಾಸವಾಳದ ಹೂವನ್ನು ಮುಂದೆ ಹಿಡಿದರೂ ಕಣ್ಣು ಬಿಡಲಿಲ್ಲ.

“ತಾತ, ಅದು ಚಳಿಗಾಲದ ನಿದ್ದೆ ಮಾಡ್ತಿದೆ. ಎಬ್ಬಿಸಬಾರದು. ನಮ್ಮ ಮಿಸ್ ಹೇಳಿದ್ದಾರೆ” ಎಂದ.

ಅವರ ಮಿಸ್ ಹೇಳಿದ್ದು ಸುಳ್ಳಲ್ಲ. ಆದರೆ ಅದು ಅರಿಜೋನಾದ ಸ್ವಂತ ಮರುಭೂಮಿ ಆಮೆಯ ಮಾತು. ಅದು ಚಳಿಗಾಲ ಪೂರ್ತಿ ಅನ್ನಾಹಾರವಿಲ್ಲದೆ ಬಿಲದಲ್ಲಿ ಮಲಗಿ ಬದುಕುತ್ತದೆ. ಸುಲ್ಕಾಟಕ್ಕೆ ಆ ವಿದ್ಯೆ ಬಾರದು. ಅದು ಹಾಗೆ ಕೂತಿದ್ದರೆ ನಿದ್ದೆಯಲ್ಲ, ಮೈಯಲ್ಲಿ ಶಾಖ ಮುಗಿದಿದೆ ಎಂದರ್ಥ.

ಅಜ್ಜಿಗೆ ಫೋನ್ ಮಾಡಿದೆವು. “ಕರೆಯುತ್ತಾ ಕೂರಬೇಡಿ, ತಣ್ಣಗಾದ ಕಾಲು ನಡೆಯುವುದಿಲ್ಲ. ಎಳೆದು ತನ್ನಿ, ಮಗುಚಿ ಹಾಕಬೇಡಿ” ಎಂದರು. ಹಳೆಯ ಕಾರ್ಪೆಟ್ ತುಂಡನ್ನು ಅದರ ಹೊಟ್ಟೆಯ ಕೆಳಗೆ ತೂರಿಸಿ, ನಾನು, ಮಗಳು, ಮೊಮ್ಮಗ ಮೂವರೂ ಎಳೆದೆವು. ಮೂವತ್ತು ಅಡಿ ದೂರಕ್ಕೆ ಅರ್ಧ ಗಂಟೆ ಹಿಡಿಯಿತು. ಬಿಸಿನೀರು, ಗಿಸಿನೀರು ಏನೂ ಬೇಡ, ಒರೆಸಿ ಬಿಡಿ, ಗೂಡಿನ ಶಾಖದಲ್ಲಿ ನಿಧಾನ ಕಾಯಲಿ ಎಂದರು ಅಜ್ಜಿ.

ರಾತ್ರಿ ಹನ್ನೊಂದಕ್ಕೊಮ್ಮೆ, ಮೂರಕ್ಕೊಮ್ಮೆ ಹೋಗಿ ಅದರ ಮೂಗಿಗೆ ಟಾರ್ಚ್ ಬಿಟ್ಟು ನೋಡಿದೆ. ಗುಳ್ಳೆ ಇರಲಿಲ್ಲ. ಮರುದಿನ ಹತ್ತು ಗಂಟೆಗೆ ಬಿಸಿಲು ಬಂತು, ಪ್ಲಾಸ್ಟಿಕ್ ಪಟ್ಟಿ ಅಲ್ಲಾಡಿತು. ಹೊರಬಂದ ಬಿಸ್ಕೆಟ್ ಒಂದು ಗಂಟೆ ಸುಮ್ಮನೆ ಬಿಸಿಲು ಕಾಯಿಸಿ, ಆಮೇಲೆ ಪಾಪಸ್ಕಳ್ಳಿಯ ಒಂದು ಎಲೆಯನ್ನು ಕಚಕಚ ತಿಂದಿತು. ಆ ಶಬ್ದ ಕೇಳಿ ನನಗೆ ಆದ ನೆಮ್ಮದಿ ಯಾವ ಆಡಿಟ್ ಮುಗಿದಾಗಲೂ ಆಗಿರಲಿಲ್ಲ.

ಅಜ್ಜಿ ಬಂದ ಮೇಲೆ ನಿದ್ದೆ ಮಾಡಿದ್ದನ್ನು ಒಪ್ಪಿಕೊಂಡೆ. ಅವರು ಬೈಯಲಿಲ್ಲ. ಈ ಆಮೆಗಳು 70 ವರ್ಷ ದಾಟಿಯೂ ಬದುಕಬಲ್ಲವು ಎಂದರು. ನನ್ನ ಹಳೆಯ ಕಸುಬು ಬಾಯಿಗೆ ಬಂತು: “ಹಾಗಾದರೆ ನಾಮಿನಿ ಯಾರು?” ಅವರು ಡ್ರಾಯರಿನಿಂದ ಒಂದು ಹಾಳೆ ತೆಗೆದರು. ಉಯಿಲಿನ ಪ್ರತಿ. ಬಿಸ್ಕೆಟ್ ಅವರ ಮೊಮ್ಮಗಳ ಪಾಲಿಗೆ, ಜೊತೆಗೆ ಹೀಟರ್ ಎಷ್ಟರಲ್ಲಿಡಬೇಕು ಎಂಬುದೂ ಅದರಲ್ಲಿತ್ತು. ಎಲ್ಲರೂ ಹೀಗಿಲ್ಲವಂತೆ. ಅಂಗೈಯಗಲದ ಮರಿ ಎಂದು ಆಸೆಪಟ್ಟು ಕೊಳ್ಳುತ್ತಾರೆ, ಹಿತ್ತಲು ಸಾಲದಾದಾಗ ಅನಾಥ ಪ್ರಾಣಿಗಳ ಕೇಂದ್ರಕ್ಕೆ ಬಿಟ್ಟು ಬರುತ್ತಾರೆ. (ಮಕ್ಕಳೇ, ಓದಿ ಆಸೆಯಾಗಿದ್ದರೆ ಕೇಳಿ: ನಮ್ಮ ನಕ್ಷತ್ರ ಆಮೆಯನ್ನು ಮನೆಯಲ್ಲಿ ಸಾಕುವುದು ಕಾನೂನಿನ ಪ್ರಕಾರ ಅಪರಾಧ.)

ಈಗ ನಾನು ಮೈಸೂರಿನಲ್ಲಿದ್ದೇನೆ. ಫೀನಿಕ್ಸ್‌ನ ಸಂಜೆ ನಾಲ್ಕೂವರೆ ಎಂದರೆ ನಮಗೆ ಮರುದಿನ ಬೆಳಗಿನ ಐದು. ಚಳಿಗಾಲದಲ್ಲಿ ದಿನವೂ ಆ ಹೊತ್ತಿಗೆ ಫೋನ್ ಬರುತ್ತದೆ.

“ತಾತ, ಎದ್ದಿದ್ದೀಯಾ? ಬಿಸ್ಕೆಟ್ ಒಳಗೆ ಹೋಯ್ತು.”